ವೋಚರ್ ಕೈಯಲ್ಲಿದೆ, ಒಳ್ಳೆಯ ಏರಿಯಾದಲ್ಲಿ ಮನೆ ಸಿಗುತ್ತಿಲ್ಲ

ಅಮೆರಿಕದ ಬಾಡಿಗೆ ವೋಚರ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ. ಜನ ‘ಸೆಕ್ಷನ್ 8’ ಎಂದೇ ಕರೆಯುವ ಈ ಯೋಜನೆ 1974ರ ಕಾಯ್ದೆಯಿಂದ ಬಂದದ್ದು. ಸುಮಾರು 23 ಲಕ್ಷ ಕುಟುಂಬಗಳು ಇದರ ನೆರವಿನಿಂದ ಖಾಸಗಿ ಮನೆಗಳಲ್ಲಿ ಬಾಡಿಗೆಗಿವೆ. ಲೆಕ್ಕದ ಆದಾಯದಲ್ಲಿ (ಮಕ್ಕಳಿಗೆಂದೂ ಮತ್ತಿತರ ಕಾರಣಕ್ಕೂ ಕೊಡುವ ಕಡಿತ ಹೋಗಿ ಉಳಿದ ಆದಾಯ) ಸುಮಾರು ಶೇ. 30 ಭಾಗ ಕುಟುಂಬ ಕೊಡುತ್ತದೆ, ಉಳಿದದ್ದನ್ನು ಸ್ಥಳೀಯ ಹೌಸಿಂಗ್ ಅಥಾರಿಟಿ ನೇರವಾಗಿ ಓನರ್‌ಗೆ ಕಟ್ಟುತ್ತದೆ. ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಒಂದಕ್ಕಷ್ಟೇ ಅದು ಸಿಗುತ್ತದೆ. ಹಾಗೆ ವರ್ಷಗಟ್ಟಲೆ ಕಾದು ಪಡೆದ ವೋಚರ್ ಮನೆ ಸಿಗಲಿಲ್ಲವೆಂದು ವಾಪಸ್ ಹೋಗುವುದನ್ನು ತಪ್ಪಿಸಬೇಕೆಂಬುದೇ ಈ ಉತ್ತರಗಳ ಉದ್ದೇಶ.

ಪ್ರಶ್ನೆ: ಡಲ್ಲಾಸ್‌ನಲ್ಲಿ ನನಗೆ ಎರಡು ಬೆಡ್‌ರೂಮಿನ ವೋಚರ್ ಸಿಕ್ಕಿದೆ. 7 ಮತ್ತು 10 ವರ್ಷದ ಇಬ್ಬರು ಮಕ್ಕಳು, ವರ್ಷದ ಆದಾಯ 24,000 ಡಾಲರ್. ಒಳ್ಳೆಯ ಶಾಲೆ ಇರುವ ಕಡೆ ಹೋಗಬೇಕೆಂದು ಹುಡುಕುತ್ತಿದ್ದೇನೆ. ಮನೆ ಹುಡುಕಲು ಕೊಟ್ಟ 60 ದಿನದ ಗಡುವಿನಲ್ಲಿ 35 ಕಳೆದವು. ಹೆಚ್ಚಿನವರು ‘ಸೆಕ್ಷನ್ 8 ತಗೊಳಲ್ಲ’ ಎಂದರು. ಕೊನೆಗೆ ಒಬ್ಬರು ಒಪ್ಪಿದರೆ, 1,650 ಡಾಲರ್ ಬಾಡಿಗೆ ಜಾಸ್ತಿಯಾಯಿತೆಂದು ಅಥಾರಿಟಿಯೇ ತಿರಸ್ಕರಿಸಿತು. ಮೇಲಿನದನ್ನು ನಾನೇ ಕೈಯಿಂದ ಹಾಕುತ್ತೇನೆಂದರೂ ಕೇಳಲಿಲ್ಲ. ಆ ಜಿಪ್ ಕೋಡ್‌ಗೆ (ಅಲ್ಲಿಯ ಪಿನ್ ಕೋಡ್) ಬಾಡಿಗೆ ಮಿತಿ 1,500 ಎಂದು ಬರೆದಿದ್ದಾರೆ. ಕರೆಂಟು, ಗ್ಯಾಸಿಗೆ 120 ಹಿಡಿದಿದ್ದಾರೆ.

ಉತ್ತರ: ಮೊದಲು ಆ ತಿರಸ್ಕಾರದ ಲೆಕ್ಕ ನೋಡಿ, ಯಾಕೆಂದರೆ ಮುಂದಿನ ಮನೆಗೂ ಇದೇ ಲೆಕ್ಕ. ಮಗುವೊಂದಕ್ಕೆ 480 ಡಾಲರ್ ಕಳೆಯುತ್ತಾರೆ ಎಂದು ಹಿಡಿಯೋಣ (ಈ ವರ್ಷದ ಮೊತ್ತ ಎಷ್ಟೆಂದು ನಿಮ್ಮ ಕೇಸ್‌ವರ್ಕರ್ ಹತ್ತಿರ ಕೇಳಿ). 24,000ದಲ್ಲಿ 960 ಹೋದರೆ 23,040, ಅಂದರೆ ತಿಂಗಳಿಗೆ 1,920. ಅದರ ಶೇ. 30 ಎಂದರೆ 576, ಇದು ನಿಮ್ಮ ಪಾಲು. ಅಥಾರಿಟಿ ಹೆಚ್ಚೆಂದರೆ 1,500ರಲ್ಲಿ 576 ಕಳೆದು 924 ಕೊಡುತ್ತದೆ. ಬಾಡಿಗೆ 1,650ಕ್ಕೆ ಕರೆಂಟು-ಗ್ಯಾಸಿನ 120 ಸೇರಿದರೆ 1,770. ಅದರಲ್ಲಿ 924 ಹೋಗಿ ನಿಮ್ಮ ಮೇಲೆ ಬೀಳುವುದು 846. ಹೊಸ ಮನೆಗೆ ಹೋಗುವಾಗ ಕರೆಂಟು-ಗ್ಯಾಸು ಸೇರಿದ ಬಾಡಿಗೆ 1,500ರ ಮಿತಿ ದಾಟಿದ್ದರೆ ಕುಟುಂಬದ ಪಾಲು ಲೆಕ್ಕದ ಆದಾಯದ ಶೇ. 40 ಮೀರುವಂತಿಲ್ಲ. ನಿಮಗೆ ಅದು 768. ನೀವು ಒಪ್ಪಿದರೂ ಅಥಾರಿಟಿ ಒಪ್ಪುವ ಹಾಗಿಲ್ಲ.

ಇದನ್ನು ಸುಲಭ ಮಾಡಿಕೊಳ್ಳಿ: ಆ ಜಿಪ್ ಕೋಡಿನ ಮಿತಿಗೆ ನಿಮ್ಮ ತಿಂಗಳ ಲೆಕ್ಕದ ಆದಾಯದ ಹತ್ತನೇ ಒಂದು ಭಾಗ ಕೂಡಿಸಿ, ನೀವೇ ಕಟ್ಟಬೇಕಾದ ಕರೆಂಟು-ಗ್ಯಾಸಿನ ಭತ್ಯೆ ಕಳೆಯಿರಿ. 1,500 ಕೂಡಿಸು 192, ಕಳೆ 120: ಸಿಗುವುದು 1,572. ಆ ಜಿಪ್ ಕೋಡಿನಲ್ಲಿ ನೀವು ನೋಡಬಹುದಾದ ಬಾಡಿಗೆಯ ತುದಿ ಅದು. ಓನರ್ ಕರೆಂಟು-ಗ್ಯಾಸು ತಾನೇ ಕಟ್ಟುವುದಾದರೆ ತುದಿ ಅಷ್ಟು ಮೇಲೇರುತ್ತದೆ. ಜೊತೆಗೆ, ಅಕ್ಕಪಕ್ಕದ ವೋಚರ್ ಇಲ್ಲದ ಮನೆಗಳಿಗಿಂತ ಬಾಡಿಗೆ ಹೆಚ್ಚಿಲ್ಲವೆಂದು ಅಥಾರಿಟಿ ಬೇರೆಯಾಗಿ ತಾಳೆ ನೋಡುತ್ತದೆ.

ಡಲ್ಲಾಸ್‌ನಲ್ಲಿ ನಿಮಗೊಂದು ಅನುಕೂಲವಿದೆ. ಒಂದು ಮೊಕದ್ದಮೆಯ ರಾಜಿಯಾದ ಮೇಲೆ 2011ರಿಂದ ಅಲ್ಲಿ ಇಡೀ ನಗರಕ್ಕೆ ಒಂದೇ ಮಿತಿಯ ಬದಲು ಜಿಪ್ ಕೋಡ್ ಪ್ರಕಾರ ಮಿತಿ ಇದೆ. ದುಬಾರಿ ಏರಿಯಾಗೆ ಮಿತಿಯೂ ದೊಡ್ಡದು. ರಸ್ತೆಯ ಆಚೆ ಬದಿಗೆ ಬೇರೆ ಜಿಪ್ ಕೋಡ್ ಇದ್ದರೆ ಮಿತಿಯೇ ಬದಲಾಗಬಹುದು. ಆದ್ದರಿಂದ ಮನೆ ನೋಡಿ ಆಮೇಲೆ ಲೆಕ್ಕ ಹಾಕಬೇಡಿ. ಎರಡು ಬೆಡ್‌ರೂಮಿನ ಮಿತಿಯ ಪೂರ್ತಿ ಪಟ್ಟಿ ಅಥಾರಿಟಿಯಿಂದ ತರಿಸಿಕೊಳ್ಳಿ. ಬೇಕಾದ ಶಾಲೆಗಳು ಯಾವ ಜಿಪ್ ಕೋಡಿಗೆ ಬರುತ್ತವೆಂದು ಗುರುತು ಮಾಡಿ, ಒಂದೊಂದಕ್ಕೂ ತುದಿ ಬಾಡಿಗೆ ಬರೆದಿಟ್ಟುಕೊಂಡು ಆಮೇಲೆ ಫೋನ್ ಹಚ್ಚಿ.

‘ತಗೊಳಲ್ಲ’ ಎನ್ನುವವರ ವಿಷಯ. ಫೆಡರಲ್ ಕಾನೂನು ವೋಚರ್ ಕಾರಣಕ್ಕೆ ಮನೆ ನಿರಾಕರಿಸುವುದನ್ನು ತಡೆಯುವುದಿಲ್ಲ. ಟೆಕ್ಸಾಸ್‌ನಲ್ಲಂತೂ 2015ರ ಕಾಯ್ದೆ, ನಗರಸಭೆಗಳೂ ಅಂಥ ನಿಯಮ ಮಾಡದ ಹಾಗೆ ಕೈಕಟ್ಟಿದೆ. ಮಾಜಿ ಸೈನಿಕರಿಗಷ್ಟೇ ವಿನಾಯಿತಿ. 2018ರಲ್ಲಿ ಹೊರಬಂದ ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನದಲ್ಲಿ ನಿಮ್ಮ ಪಕ್ಕದ ಫೋರ್ಟ್ ವರ್ತ್‌ನ ಓನರ್‌ಗಳಲ್ಲಿ ಶೇ. 78 ಮಂದಿ ವೋಚರ್ ಬೇಡವೆಂದಿದ್ದರು. ರಕ್ಷಣೆಯ ಕಾನೂನು ಇರುವ ವಾಷಿಂಗ್ಟನ್ ಡಿ.ಸಿ.ಯಲ್ಲಿ ಶೇ. 15. ಹತ್ತು ಕಡೆ ಕೇಳಿದರೆ ಎರಡು ಕಡೆ ‘ಹೂಂ’ ಎನ್ನುವುದು ಅಲ್ಲಿನ ವಾಸ್ತವ. ಅದು ನಿಮ್ಮ ಮಾತಿನ ದೋಷವಲ್ಲ. ಆದರೆ ಒಂದು ಬಗೆಯ ಕಟ್ಟಡಗಳು ನಿಮ್ಮನ್ನು ವೋಚರ್ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ: ಕಡಿಮೆ ಆದಾಯದವರ ವಸತಿಗೆಂದು ಫೆಡರಲ್ ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಅಪಾರ್ಟ್‌ಮೆಂಟ್‌ಗಳು. ಒಳ್ಳೆಯ ಶಾಲೆಗಳ ಸುತ್ತಲೂ ಇಂಥವು ಕೆಲವು ಇರುತ್ತವೆ, ಮೊದಲು ಅಲ್ಲಿ ವಿಚಾರಿಸಿ. ಅರ್ಜಿ ಶುಲ್ಕ ಕಟ್ಟುವ ಮುಂಚೆ ಇನ್ನೊಂದು ಮಾತು ಕೇಳಿ. ‘ಬಾಡಿಗೆಯ ಮೂರು ಪಟ್ಟು ಆದಾಯ ಬೇಕು’ ಎನ್ನುವ ಷರತ್ತು ಪೂರ್ತಿ ಬಾಡಿಗೆಗೋ, ನಿಮ್ಮ ಪಾಲಿಗೋ? ಪೂರ್ತಿ ಬಾಡಿಗೆಗೆಂದರೆ ಆ ಶುಲ್ಕ ನೀರಿನಲ್ಲಿ ಹೋಮ.

ಓನರ್ ಒಪ್ಪಿದ ದಿನವೇ ಬಾಡಿಗೆ ಒಪ್ಪಿಗೆಯ ಅರ್ಜಿ ತುಂಬಿಸಿಕೊಳ್ಳಿ. ನಮೂನೆಯ ಸಂಖ್ಯೆ 52517. ಅದರಲ್ಲಿ ಮನೆ ಬೆಚ್ಚಗಿಡುವುದು, ಅಡುಗೆ, ಬಿಸಿನೀರು, ಕರೆಂಟು, ನೀರು, ಒಳಚರಂಡಿ, ಕಸ, ಫ್ರಿಜ್, ಒಲೆ ಎಂದು ಸಾಲುಸಾಲಾಗಿ ಇರುತ್ತದೆ. ಪ್ರತಿಯೊಂದಕ್ಕೂ ಓನರ್ ಕಟ್ಟುವುದೋ ಬಾಡಿಗೆದಾರ ಕಟ್ಟುವುದೋ ಎಂಬುದಕ್ಕೆ ‘ಓ’ ಅಥವಾ ‘ಟಿ’ ಬರೆಯಬೇಕು. ಈ ಸಾಲುಗಳು ಖಾಲಿ ಉಳಿದರೆ ಕರೆಂಟು-ಗ್ಯಾಸಿನ ಭತ್ಯೆ ಲೆಕ್ಕಕ್ಕೇ ಸಿಗುವುದಿಲ್ಲ, ಅರ್ಜಿ ವಾಪಸ್ ಬಂದು ನಾಲ್ಕಾರು ದಿನ ಹಾಳು. ಮನೆ ಕಟ್ಟಿದ ಇಸವಿಯನ್ನೂ ಬಿಡಬೇಡಿ. ಅರ್ಜಿ ಸಲ್ಲಿಸಿದ ದಿನದಿಂದ ಅಥಾರಿಟಿ ತೀರ್ಮಾನ ತಿಳಿಸುವವರೆಗೆ ನಿಮ್ಮ ಗಡುವು ಓಡುವುದಿಲ್ಲ. ತಿರಸ್ಕಾರವಾದ ಆ ಮನೆಯ ದಿನಗಳನ್ನು ಬಿಟ್ಟು ಎಣಿಸಿದ್ದಾರೆಯೇ ಎಂದು ಈಗಲೇ ಕೇಳಿ.

60 ದಿನ ಎನ್ನುವುದು ಕನಿಷ್ಠ. ಮುಗಿಯುವ ಮೊದಲೇ, ಮುಗಿದ ಮೇಲಲ್ಲ, ಹೆಚ್ಚಿನ ಸಮಯ ಬೇಕೆಂದು ಬರೆದುಕೊಡಿ. ಜೊತೆಗೆ ಒಂದು ಹಾಳೆ: ಯಾವ ದಿನ, ಯಾವ ವಿಳಾಸ, ಬಾಡಿಗೆ ಎಷ್ಟು, ಏನೆಂದರು. ಮನೆಯಲ್ಲಿ ಅಂಗವಿಕಲರಿದ್ದು, ಆ ಕಾರಣಕ್ಕೆ ಹುಡುಕಾಟ ತಡವಾಗುತ್ತಿದ್ದರೆ ಸಮಯ ಕೊಡುವುದು ಅಥಾರಿಟಿಯ ಕರ್ತವ್ಯ. ಉಳಿದವರಿಗೆ ಅದು ಅವರ ವಿವೇಚನೆ, ಆ ಹಾಳೆಯೇ ನಿಮ್ಮ ಪರ ಮಾತಾಡಬೇಕು.

ಪ್ರಶ್ನೆ: ಷಿಕಾಗೋದ ವೋಚರ್ ಇಟ್ಟುಕೊಂಡು ನೇಪರ್‌ವಿಲ್‌ಗೆ ಹೋಗಬಹುದೇ? ಲೀಸ್ ಎರಡು ತಿಂಗಳಲ್ಲಿ ಮುಗಿಯುತ್ತದೆ.

ಉತ್ತರ: ಹೋಗಬಹುದು. ‘ಪೋರ್ಟ್’ ಎನ್ನುತ್ತಾರೆ. ಆದರೆ ಷಿಕಾಗೋ ಅಥಾರಿಟಿ ಬೇರೆ, ನೇಪರ್‌ವಿಲ್‌ನ ಹೆಚ್ಚಿನ ಭಾಗ ಇರುವ ಡುಪೇಜ್ ಕೌಂಟಿಯದು ಬೇರೆ. ಮೊದಲನೆಯದು ನಿಮ್ಮ ಆದಾಯದ ಕಾಗದ, ವೋಚರ್ ಪ್ರತಿ, ಪೋರ್ಟ್ ನಮೂನೆ ಕಳಿಸಬೇಕು. ಎರಡನೆಯದು ತನ್ನ ಹೆಸರಿನಲ್ಲಿ ಹೊಸ ವೋಚರ್ ಕೊಡಬೇಕು. ಆ ಹೊಸ ವೋಚರ್‌ನ ಗಡುವು ಹಳೆಯದಕ್ಕಿಂತ ಕನಿಷ್ಠ 30 ದಿನ ಮುಂದಿರಬೇಕು, ಕಡಿಮೆ ಬರೆದಿದ್ದರೆ ತೋರಿಸಿ ಸರಿಪಡಿಸಿಕೊಳ್ಳಿ. ಬಾಡಿಗೆ ಮಿತಿ, ಎಷ್ಟು ಬೆಡ್‌ರೂಮು, ಹಿನ್ನೆಲೆ ಪರಿಶೀಲನೆ ಎಲ್ಲವೂ ಅಲ್ಲಿನ ನಿಯಮದಂತೆ. ಷಿಕಾಗೋದಲ್ಲಿ ಮೂರು ಬೆಡ್‌ರೂಮು ಕೊಟ್ಟವರಿಗೆ ಅಲ್ಲಿ ಎರಡೇ ಸಿಗಬಹುದು. ಹುಡುಕುವ ಮೊದಲೇ ಕೇಳಿಕೊಳ್ಳಿ.

ಹಲವರು ಎಡವುವುದು ಈಗಿರುವ ಓನರ್‌ಗೆ ಮನೆ ಬಿಡುತ್ತೇನೆಂದು ಮೊದಲೇ ನೋಟಿಸ್ ಕೊಟ್ಟು. ಕಾಗದ ಎರಡು ಕಚೇರಿಗಳ ನಡುವೆ ಸಿಕ್ಕಿಕೊಂಡರೆ ಇಲ್ಲಿಯ ಮನೆಯೂ ಇಲ್ಲ, ಅಲ್ಲಿಯದೂ ಇಲ್ಲ. ಇವತ್ತೇ ಷಿಕಾಗೋ ಕಚೇರಿಗೆ ಬರೆದುಕೊಡಿ. ಕಾಗದ ತಲುಪಿದೆಯೇ ಎಂದು ಡುಪೇಜ್ ಕಚೇರಿಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಹೊಸ ವೋಚರ್ ಕೈಗೆ ಬರುವವರೆಗೆ ತಿಂಗಳಿಂದ ತಿಂಗಳಿಗೆ ಇರಲು ಬಿಡುತ್ತೀರಾ ಎಂದು ಓನರ್‌ನ ಕೇಳಿ. ಇನ್ನೊಂದು: ಮೊದಲು ಅರ್ಜಿ ಹಾಕಿದಾಗ ನೀವು ಷಿಕಾಗೋದಲ್ಲಿ ವಾಸ ಇರದಿದ್ದರೆ ಮೊದಲ 12 ತಿಂಗಳು ಪೋರ್ಟ್ ಮಾಡಲು ಬಿಡದಿರಬಹುದು.

ಈ ಎರಡೂ ಊರು ಇರುವ ಇಲಿನಾಯ್ ರಾಜ್ಯದಲ್ಲಿ 2023ರ ಜನವರಿ 1ರಿಂದ ವೋಚರ್ ಕಾರಣಕ್ಕೆ ಮನೆ ನಿರಾಕರಿಸುವುದು ಕಾನೂನುಬಾಹಿರ. ಯಾರಾದರೂ ಹಾಗೆಂದರೆ ಮೆಸೇಜ್ ಅಥವಾ ಇಮೇಲಿನಲ್ಲಿ ಅದೇ ಮಾತು ಬರುವ ಹಾಗೆ ಕೇಳಿ, ಉಳಿಸಿಟ್ಟುಕೊಂಡು ರಾಜ್ಯದ ಮಾನವ ಹಕ್ಕುಗಳ ಇಲಾಖೆಗೆ ದೂರು ಕೊಡಿ. ಕೆಲಸ ಷಿಕಾಗೋದಲ್ಲೇ ಉಳಿಯುವುದಾದರೆ ಮೆಟ್ರಾ ರೈಲಿನ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ನೋಡಿ. ಬಾಡಿಗೆಯಲ್ಲಿ ಉಳಿದದ್ದು ಕಾರಿನ ಕಂತಿಗೆ ಹೋದರೆ ಏನೂ ಉಳಿದ ಹಾಗಾಗುವುದಿಲ್ಲ.

ಪ್ರಶ್ನೆ: ಸಮಾಜಕಾರ್ಯದ ವಿದ್ಯಾರ್ಥಿನಿ ನಾನು, ಮೈಸೂರಿನಿಂದ. ‘ಬಡ ಕುಟುಂಬಗಳು ತಮ್ಮವರಿರುವ ಹಳೆಯ ಏರಿಯಾ ಬಿಡಲು ತಾವೇ ಬಯಸುವುದಿಲ್ಲ’ ಎಂದು ತರಗತಿಯಲ್ಲಿ ಕೇಳಿದೆ. ಏರಿಯಾ ಬದಲಾದರೆ ನಿಜವಾಗಿ ಲಾಭ ಇದೆಯೇ?

ಉತ್ತರ: 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಸುಮಾರು 4,600 ಕುಟುಂಬಗಳನ್ನು ಲಾಟರಿ ಎತ್ತಿ ವಿಂಗಡಿಸಿದರು. ಒಂದು ಗುಂಪಿಗೆ, ಬಡತನ ಶೇ. 10ಕ್ಕಿಂತ ಕಡಿಮೆ ಇರುವ ಏರಿಯಾದಲ್ಲೇ ಬಳಸಬೇಕಾದ ವೋಚರ್ ಕೊಟ್ಟರು. ದೊಡ್ಡವರ ಸಂಪಾದನೆ ಏರಲಿಲ್ಲ, ಆದರೆ ಆರೋಗ್ಯ ಸುಧಾರಿಸಿತು. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಆಮೇಲೆ ಮಕ್ಕಳ ದಾಖಲೆ ತೆಗೆದು ನೋಡಿದಾಗ, 13 ವರ್ಷ ತುಂಬುವ ಮೊದಲೇ ಹೊಸ ಏರಿಯಾಗೆ ಹೋದವರು ಇಪ್ಪತ್ತೈದರ ಆಸುಪಾಸಿನಲ್ಲಿ ಶೇ. 31ರಷ್ಟು ಹೆಚ್ಚು ಗಳಿಸುತ್ತಿದ್ದರು. 13 ದಾಟಿ ಹೋದವರಿಗೆ ಆ ಲಾಭ ಕಾಣಲಿಲ್ಲ. ಅದಕ್ಕೇ ಡಲ್ಲಾಸ್‌ನ ಆ ತಾಯಿಯ 10 ವರ್ಷದ ಮಗುವಿಗೆ ಈ 60 ದಿನ ಅಷ್ಟು ಮುಖ್ಯ.

‘ತಾವೇ ಬಯಸುವುದಿಲ್ಲ’ ಎಂಬುದಕ್ಕೆ ಸಿಯಾಟಲ್‌ನಲ್ಲಿ 2018ರಿಂದ ನಡೆದ ಪ್ರಯೋಗ ನೇರ ಉತ್ತರ ಕೊಟ್ಟಿದೆ. ಒಂದು ಗುಂಪಿಗೆ ಬರೀ ವೋಚರ್. ಇನ್ನೊಂದಕ್ಕೆ ವೋಚರ್ ಜೊತೆಗೆ ಮನೆ ಹುಡುಕಲು ಒಬ್ಬ ಸಹಾಯಕರು, ಓನರ್‌ಗಳ ಜೊತೆ ಮಾತಾಡುವವರು, ಡಿಪಾಸಿಟ್‌ಗೆ ಒಂದಷ್ಟು ಹಣ. ಮೊದಲ ಗುಂಪಿನಲ್ಲಿ ಶೇ. 15 ಕುಟುಂಬಗಳು ಒಳ್ಳೆಯ ಅವಕಾಶದ ಏರಿಯಾಗೆ ಹೋದವು, ಎರಡನೆಯದರಲ್ಲಿ ಶೇ. 53. ಬಯಕೆ ಎರಡೂ ಕಡೆ ಒಂದೇ. ಅಜ್ಜಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆಂದು ಹಳೆಯ ಬೀದಿಯಲ್ಲೇ ಉಳಿಯುವವರು ಇದ್ದಾರೆ, ಅದು ಅವರ ಹಕ್ಕು. ಆದರೆ ದಾರಿಯೇ ಇಲ್ಲದವರನ್ನು ‘ಆಸೆ ಇಲ್ಲದವರು’ ಎನ್ನುವುದು ಅನ್ಯಾಯ.

ಪ್ರಶ್ನೆ: ಅಮ್ಮನಿಗೆ ಗ್ರೀನ್ ಕಾರ್ಡ್ ಇದೆ, ವೋಚರ್ ಸಿಕ್ಕಿದೆ. ನನ್ನದೇ ಇನ್ನೊಂದು ಮನೆ ಒಳ್ಳೆಯ ಬಡಾವಣೆಯಲ್ಲಿದೆ. ಅದನ್ನೇ ಅವರಿಗೆ ಬಾಡಿಗೆಗೆ ಕೊಡಬಹುದೇ? ಇಲ್ಲವಾದರೆ ಬೇರೆ ವೋಚರ್ ಕುಟುಂಬಕ್ಕೆ ಕೊಡುವ ಮನಸ್ಸಿದೆ, ಬಡಾವಣೆಯ ಸಂಘ ಬೇಡ ಎನ್ನುತ್ತಿದೆ. ಇರುವುದು ಟೆಕ್ಸಾಸ್‌ನ ಡೆಂಟನ್ ಕೌಂಟಿ.

ಉತ್ತರ: ಅಮ್ಮನಿಗೆ ಕೊಡುವಂತಿಲ್ಲ. ವೋಚರ್ ಕುಟುಂಬದ ಯಾರದೇ ತಂದೆ-ತಾಯಿ, ಮಕ್ಕಳು, ಅಜ್ಜ-ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಓನರ್ ಆಗಿರಬಾರದು. ಅಮ್ಮನಿಗೆ ಅಂಗವೈಕಲ್ಯವಿದ್ದು, ಆ ಮನೆಯೇ ಅದಕ್ಕೆ ಹೊಂದುತ್ತದೆಂದು ಅಥಾರಿಟಿ ಒಪ್ಪಿದರೆ ಮಾತ್ರ ವಿನಾಯಿತಿ.

ಬೇರೆ ಕುಟುಂಬಕ್ಕೆ ಕೊಡಿ. 2023ರ ಟೆಕ್ಸಾಸ್ ಕಾಯ್ದೆಯಂತೆ ಬಾಡಿಗೆದಾರ ಯಾವ ರೀತಿ ಬಾಡಿಗೆ ಕಟ್ಟುತ್ತಾನೆಂಬ ಕಾರಣಕ್ಕೆ ಬಡಾವಣೆಯ ಸಂಘ ತಡೆ ಒಡ್ಡುವಂತಿಲ್ಲ. ಬಾಡಿಗೆದಾರರ ಹಿನ್ನೆಲೆ ನೋಡುವುದು ನಿಮ್ಮ ಕೆಲಸ, ಅಥಾರಿಟಿ ಅದಕ್ಕೆ ಜಾಮೀನಲ್ಲ. ಹಳೆಯ ಓನರ್‌ನ ವಿಳಾಸ ಅವರಲ್ಲಿದ್ದರೆ ಕೊಡುತ್ತಾರೆ. ಎಲ್ಲರಿಗೂ ಒಂದೇ ಅಳತೆ ಇಟ್ಟುಕೊಳ್ಳಿ.

ತಡವಾಗುವುದು ಅಥಾರಿಟಿ ಮನೆ ಪರೀಕ್ಷಿಸುವ ಇನ್‌ಸ್ಪೆಕ್ಷನ್‌ನಲ್ಲಿ, ಅದೂ ಸಣ್ಣ ವಿಷಯಗಳಿಗೆ. ಹೊಗೆ ಅಲಾರಂ ಪ್ರತಿ ಮಹಡಿಯಲ್ಲಿ ಕೂಗಬೇಕು. ಹೊರಗಿನಿಂದ ಕೈಗೆಟಕುವ ಕಿಟಕಿಗಳಿಗೆ ಚಿಲಕ, ನಾಲ್ಕೋ ಹೆಚ್ಚೋ ಮೆಟ್ಟಿಲಿದ್ದರೆ ಹಿಡಿಗಂಬಿ, ಗೀಸರಿನ ಒತ್ತಡದ ವಾಲ್ವಿನಿಂದ ಕೆಳಕ್ಕೆ ಇಳಿಯುವ ಪೈಪು ಇರಬೇಕು. ಮನೆ 1978ಕ್ಕಿಂತ ಹಳೆಯದಾಗಿದ್ದು 6 ವರ್ಷದೊಳಗಿನ ಮಗು ಬರುವುದಾದರೆ ಚಕ್ಕೆ ಎದ್ದ ಬಣ್ಣವನ್ನು ಸೀಸದ ಭಯಕ್ಕೆ ಬಿಡುವುದಿಲ್ಲ. ಒಂದು ಮಧ್ಯಾಹ್ನ ಟೆಸ್ಟ್ ಬಟನ್ ಒತ್ತುತ್ತಾ, ಕಿಟಕಿ ಎಳೆಯುತ್ತಾ ಸುತ್ತಿ ಬಂದರೆ ಎರಡನೇ ಇನ್‌ಸ್ಪೆಕ್ಷನ್ ತಪ್ಪುತ್ತದೆ. ಮೊದಲ ಕಂತು ತಡವಾಗಿ ಬರಬಹುದು, ಆದರೆ ಲೀಸ್ ಶುರುವಾಗಿ 60 ದಿನದೊಳಗೆ ಅಥಾರಿಟಿಯ ಜೊತೆ ಒಪ್ಪಂದಕ್ಕೆ ಸಹಿಯಾದರೆ ಹಿಂದಿನದೂ ಸೇರಿ ಬರುತ್ತದೆ.

ಪ್ರಶ್ನೆ: ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ ಮನೆ ಸಿಕ್ಕಿದೆ. ತಿಂಗಳಿಗೆ 100 ಡಾಲರ್ ಹೆಚ್ಚಿಗೆ ಕೈಯಲ್ಲಿ ಕೊಡಿ, ಕಚೇರಿಗೆ ಹೇಳಬೇಡಿ ಎನ್ನುತ್ತಾರೆ ಓನರ್. ಇನ್‌ಸ್ಪೆಕ್ಷನ್‌ಗೆ ಮೊದಲೇ ಕೀ ಕೊಡುತ್ತಾರಂತೆ. ಡಿಪಾಸಿಟ್‌ಗೂ ದುಡ್ಡು ಸಾಲದು.

ಉತ್ತರ: ಆ 100 ಡಾಲರ್ ಕೊಡಬೇಡಿ. ಲೀಸಿನಲ್ಲಿ ಇಲ್ಲದ ಬಾಡಿಗೆ ಕೊಡುವುದು, ಪಡೆಯುವುದು ಎರಡೂ ನಿಷಿದ್ಧ. ಗೊತ್ತಾದರೆ ವೋಚರ್ ಹೋಗುತ್ತದೆ. ಬಾಡಿಗೆ ಸಾಲದೆಂದರೆ ಅಕ್ಕಪಕ್ಕದ ಅಂಥದೇ ಮನೆಗಳ ಬಾಡಿಗೆಯ ದಾಖಲೆ ಹಚ್ಚಿ, ಒಪ್ಪಿಗೆ ಅರ್ಜಿಯಲ್ಲೇ ಹೆಚ್ಚಿನ ಮೊತ್ತ ಬರೆಯಲು ಓನರ್‌ಗೆ ಹೇಳಿ. ಒಪ್ಪುವುದು ಬಿಡುವುದು ಕಚೇರಿಗೆ ಬಿಟ್ಟದ್ದು.

ಮನೆ ಪಾಸಾಗುವ ಮೊದಲಿನ ದಿನಗಳಿಗೆ ಅಥಾರಿಟಿ ಒಂದು ಡಾಲರೂ ಕೊಡುವುದಿಲ್ಲ. ಮೊದಲೇ ಸಾಮಾನು ಇಳಿಸಿದರೆ ಅಷ್ಟು ದಿನದ ಪೂರ್ತಿ ಬಾಡಿಗೆ ನಿಮ್ಮ ತಲೆಗೆ.

ಡಿಪಾಸಿಟ್ ವೋಚರ್‌ನಲ್ಲಿ ಸೇರಿಲ್ಲ. ಆದರೆ ನಿಮ್ಮ ರಾಜ್ಯದಲ್ಲಿ 3 ತಿಂಗಳು ಅಥವಾ ಹೆಚ್ಚಿನ ಲೀಸಿಗೆ ಅದನ್ನು 3 ಸಮ ಕಂತುಗಳಲ್ಲಿ ಕಟ್ಟಲು ಬರಹದಲ್ಲಿ ಕೇಳಬಹುದು. ಕೆಲವು ಸಂದರ್ಭ ಬಿಟ್ಟರೆ ಓನರ್ ಒಪ್ಪಬೇಕು. ಲೀಸಿಗೆ ಸಹಿ ಹಾಕುವ ಮೊದಲೇ ಆ ಪತ್ರ ಕೊಟ್ಟು, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.