ಗಡಿಯಾರದ ಹನ್ನೆರಡು ನಂಬಿ ಒಂದು ಚಳಿಗಾಲ ಕಳೆದುಕೊಂಡೆ

ಉತ್ತರಕ್ಕೆ ಪಕ್ಕದವರ ಮೂರಂತಸ್ತಿನ ಮನೆ, ಧ್ರುವ ನಕ್ಷತ್ರ ಕಾಣಲ್ಲ, ಪೋರ್ಟಬಲ್ ಮೌಂಟನ್ನು (ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಮೋಟಾರ್ ಸ್ಟ್ಯಾಂಡ್) ಮಾಳಗಿ ಮೇಲೆ ಐದು ನಿಮಿಷದಲ್ಲಿ ಪೋಲಾರ್ ಅಲೈನ್ ಮಾಡೋಕೆ, ಅಂದರೆ ಅದರ ಅಕ್ಷವನ್ನು ಆಕಾಶದ ಉತ್ತರ ಧ್ರುವಕ್ಕೆ ನೇರ ಹಿಡಿಯೋಕೆ, ಯಾವ ಆ್ಯಪ್ ಒಳ್ಳೆಯದು ಅಂತ ಗದಗಿನಿಂದ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಧಾರವಾಡದಲ್ಲಿ ಇದು ನನ್ನದೇ ಪ್ರಶ್ನೆಯಾಗಿತ್ತು. ನಿಮಗೆ ಪಕ್ಕದ ಮನೆ ಅಡ್ಡ, ನನಗೆ ಮಾವಿನ ಮರ ಅಡ್ಡ.

ನಮ್ಮ ಕಡೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತದೆ. ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ. ಮರ ಇಲ್ಲದಿದ್ದರೂ ಧೂಳಿನಲ್ಲಿ ಮಸುಕು. ಫೋನಿನ ದಿಕ್ಸೂಚಿ ನೋಡಿದೆ. ನೀರಿನ ಟಾಕಿಯ ಕಬ್ಬಿಣದ ಸ್ಟ್ಯಾಂಡ್ ಹತ್ತಿರ ಒಂದು ಲೆಕ್ಕ, ನಾಲ್ಕು ಹೆಜ್ಜೆ ಆಚೆ ಇನ್ನೊಂದು. ಸ್ಲ್ಯಾಬಿನೊಳಗೂ ಕಬ್ಬಿಣವೇ ಅಲ್ವಾ? ಅದನ್ನು ಕೈಬಿಟ್ಟೆ.

ಆಗ ಶಾಲೆಯಲ್ಲಿ ಕಲಿತದ್ದು ನೆನಪಾಯಿತು. ಮಧ್ಯಾಹ್ನದ ನೆರಳು ಸರಿಯಾಗಿ ಉತ್ತರ–ದಕ್ಷಿಣ ಬೀಳುತ್ತದೆ. ಸಂಕ್ರಾಂತಿಯ ಮರುದಿನ ಗೌಂಡಿಗಳು ಗೋಡೆ ನೆಟ್ಟಗಿದೆಯಾ ಅಂತ ನೋಡುವ ಗುಂಡನ್ನು ದಾರದಲ್ಲಿ ಇಳಿಬಿಟ್ಟೆ. ಫೋನಿನಲ್ಲಿ ಸರಿಯಾಗಿ 12 ಆದಾಗ ದಾರದ ನೆರಳಿನ ಮೇಲೆ ಗೆರೆ ಹಾಕಿದೆ. ಅಳಿಸಬಾರದು ಅಂತ ಆಯಿಲ್ ಪೇಂಟ್ ಬೇರೆ ಬಳಿದೆ. ನನ್ನ ತಪ್ಪು ಇದೇ.

ಆ ರಾತ್ರಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ನೆಬ್ಯುಲಾಕ್ಕೆ, ಅಂದರೆ ಅನಿಲ–ಧೂಳಿನ ಮೋಡಕ್ಕೆ, 135 ಎಂಎಂ ಲೆನ್ಸ್ ಹಿಡಿದು 30 ಸೆಕೆಂಡಿನ ಫೋಟೊ ತೆಗೆದೆ. ಹಿಗ್ಗಿಸಿ ನೋಡಿದರೆ ಒಂದೊಂದು ನಕ್ಷತ್ರವೂ ಜೀರಿಗೆ ಕಾಳಿನ ಹಾಗೆ ಉದ್ದ. ಮರುದಿನವೂ ಅದೇ. ಗೆರೆಯ ಮೇಲೆ ಅನುಮಾನವೇ ಬರಲಿಲ್ಲ, ಸೂರ್ಯ ತಪ್ಪುತ್ತಾನಾ ಅಂತ. ಮೋಟಾರ್ ಕೆಟ್ಟಿದೆ ಅಂದುಕೊಂಡು ಮೌಂಟನ್ನು ರಿಪೇರಿಗೆ ಕಳಿಸಿದೆ. ನಲವತ್ತು ದಿನ ಬಿಟ್ಟು ಬಂತು, ‘ಏನೂ ದೋಷವಿಲ್ಲ’ ಅನ್ನುವ ಚೀಟಿ ಜೊತೆ. ಅಷ್ಟರಲ್ಲಿ ಮಹಾವ್ಯಾಧ ಕತ್ತಲಾಗುವ ಹೊತ್ತಿಗೇ ಪಶ್ಚಿಮಕ್ಕೆ ವಾಲುತ್ತಿತ್ತು.

ಮಾರ್ಚಿನಲ್ಲಿ ಅವ್ವ ಮಾಳಗಿ ಮೇಲೆ ಸಂಡಿಗೆ ಹಾಕುತ್ತಿದ್ದಳು. ಮೇಲೆ ಬಂದ ಪಕ್ಕದ ಮನೆ ಕಾಕಾ, ಭೂಗೋಳ ಕಲಿಸಿ ನಿವೃತ್ತರಾದವರು, ಗೆರೆ ನೋಡಿ ನಿಂತರು.

“ತಮ್ಮಾ, ಇದನ್ನ ಎಷ್ಟು ಗಂಟೆಕ್ಕ ಹಾಕಿದಿ?”

“ಸರಿಯಾಗಿ ಹನ್ನೆರಡಕ್ಕ, ಕಾಕಾ.”

“ಹಂಗಾರ ಅದು ಮಿರ್ಜಾಪುರದ ಹನ್ನೆರಡು ಆತಲೋ. ಧಾರವಾಡದ ಹನ್ನೆರಡು ಇನ್ನೂ ಆಗಿದ್ದಿಲ್ಲ.”

ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಧಾರವಾಡ ಇರುವುದು 75ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಲ್ಲಿಗೇ ಅರ್ಧ ಗಂಟೆ ಹೋಯಿತು. ಅದರ ಮೇಲೆ, ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ವರ್ಷವಿಡೀ ಒಂದೇ ಹೊತ್ತಿಗೆ ನಡುಹಗಲಿಗೆ ಬರುವುದಿಲ್ಲ. ಧಾರವಾಡದಲ್ಲಿ ನವೆಂಬರ್ ಮೊದಲ ವಾರ ಸುಮಾರು 12:14ಕ್ಕೆ, ಫೆಬ್ರವರಿ ನಡುವೆ 12:44ಕ್ಕೆ. ನಾನು ಗೆರೆ ಹಾಕಿದ ದಿನ 12:39 ಇತ್ತು. ನಾನು 39 ನಿಮಿಷ ಮೊದಲೇ ಹಾಕಿದ್ದೆ. ಸೂರ್ಯ ಇನ್ನೂ ಪೂರ್ವದ ಬದಿಗಿದ್ದ, ನೆರಳು ಪಶ್ಚಿಮಕ್ಕೆ ವಾಲಿತ್ತು. 39 ನಿಮಿಷ ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ ಮೇಲೇರಿದ ಸೂರ್ಯನ ನೆರಳು ಆ ಹೊತ್ತಿನಲ್ಲಿ ಬೇಗ ತಿರುಗುತ್ತದೆ. ನನ್ನ ಗೆರೆ 15 ಡಿಗ್ರಿ ತಪ್ಪಿತ್ತು.

ಕಾಕಾ ಅಂದರು, “ಗಡಿಯಾರ ಒಳಗ ಇಟ್ಟು ಬಾ.” ಒಂದು ಕೋಲು ನೆಟ್ಟಗೆ ನಿಲ್ಲಿಸಿ ಅದರ ಸುತ್ತ ವೃತ್ತ ಹಾಕಿಸಿದರು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಚುಕ್ಕೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ. ಕೋಲಿನ ಬುಡದಿಂದ ಆ ಗೆರೆಯ ನಡುವಿಗೆ ಎಳೆದರೆ ಉತ್ತರ. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲೂ ಇದೇ ಶಂಕುವಿನ (ನೆಟ್ಟ ಕೋಲಿನ) ವಿಧಾನ ಇದೆ.

ಈಗ ನಿಮ್ಮ ಪ್ರಶ್ನೆ. ‘ಬೇಗ’ ಅನ್ನೋದನ್ನೇ ಬಿಟ್ಟುಬಿಡಿ. ಮನೆಯಲ್ಲೇ ಇಡುವ ಮೌಂಟನ್ನು ದಿನಾ ಹೊಸದಾಗಿ ಯಾಕೆ ಅಲೈನ್ ಮಾಡಬೇಕು? ಒಂದು ಸಲ ನಿಧಾನವಾಗಿ, ಸರಿಯಾಗಿ ಮಾಡಿ. ಆ್ಯಪ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

ಚಳಿಗಾಲದ ಒಂದು ಭಾನುವಾರ ಗೆರೆ ಹಾಕಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೇಡ. ಆಗ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಮೇ ಮೊದಲ ವಾರ ದಾಟಿದರೆ ನಡುಹಗಲ ನೆರಳು ದಕ್ಷಿಣಕ್ಕೇ ಬೀಳುತ್ತದೆ. ಟ್ರೈಪಾಡ್ ಕಾಲು ಎಳೆದು ಉದ್ದ ಮಾಡಬೇಡಿ, ಪೂರ್ತಿ ಗಿಡ್ಡವಾಗಿಯೇ ಇಡಿ, ಉದ್ದ ಯಾವತ್ತೂ ಬದಲಾಗಬಾರದು. ಮೌಂಟಿನ ಮೈ ಗೆರೆಯ ಮೇಲೆ ಕಟ್ಟಿದ ದಾರಕ್ಕೆ ಸರಿಯಾಗಿ ಕೂರುವಂತೆ ತಿರುಗಿಸಿ. ಅಕ್ಷದ ಎತ್ತರಕ್ಕೆ ಫೋನಿನ ಕೋನ ಅಳೆಯುವ ಆ್ಯಪ್ ಸಾಕು, ಅದಕ್ಕೆ ಕಬ್ಬಿಣದ ಕಾಟ ಇಲ್ಲ. ಗದಗಿಗೆ 15.4 ಡಿಗ್ರಿ ಇಡಿ.

50 ಎಂಎಂ ಲೆನ್ಸ್ ಆದರೆ ಇಲ್ಲಿಗೇ ಮುಗಿಯಿತು. ಒಂದು ಡಿಗ್ರಿ ತಪ್ಪಿದ್ದರೂ ಒಂದು ನಿಮಿಷದ ಫೋಟೊ ಚೆನ್ನಾಗೇ ಬರುತ್ತದೆ. ಉದ್ದದ ಲೆನ್ಸ್ ಇದ್ದರೆ ಒಂದು ರಾತ್ರಿ ಡ್ರಿಫ್ಟ್ ನೋಡಲೇಬೇಕು, ಅಂದರೆ ಮೋಟಾರ್ ಓಡುತ್ತಿದ್ದರೂ ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದಾ ಅಂತ. ಮಹಾವ್ಯಾಧದ ಬೆಲ್ಟಿನಲ್ಲಿ ಮೊದಲು ಹುಟ್ಟುವ ನಕ್ಷತ್ರ ಆಕಾಶದ ವಿಷುವದ್ರೇಖೆಯ (ಭೂಮಧ್ಯರೇಖೆಯ ನೇರ ಮೇಲಿನ ಗೆರೆ) ಮೇಲೇ ಇದೆ ಅನ್ನಬಹುದು. ಅದು ನೆತ್ತಿ ಹತ್ತಿರ ಬಂದಾಗ ಉತ್ತರಕ್ಕೆ ಸರಿಯುತ್ತಿದ್ದರೆ ಮೌಂಟಿನ ಅಕ್ಷ ಪಶ್ಚಿಮಕ್ಕೆ ಜಾಸ್ತಿ ಹೋಗಿದೆ, ದಕ್ಷಿಣಕ್ಕೆ ಸರಿದರೆ ಪೂರ್ವಕ್ಕೆ. ಎತ್ತರಕ್ಕೆ ಅದು ಪೂರ್ವದಲ್ಲಿ ಹುಟ್ಟಿ ಸ್ವಲ್ಪ ಮೇಲೆ ಬಂದಾಗ ನೋಡಿ. ದಕ್ಷಿಣಕ್ಕೆ ಸರಿದರೆ ಅಕ್ಷ ಎತ್ತಿ, ಉತ್ತರಕ್ಕೆ ಸರಿದರೆ ಇಳಿಸಿ.

ನಕ್ಷತ್ರ ನಿಂತಿತು ಅಂದ ಕೂಡಲೇ ಸ್ಕ್ರೂ ಬಿಗಿ ಮಾಡಿ, ಮೂರು ಕಾಲಿನ ಜಾಗದಲ್ಲಿ ಉಳಿಯಿಂದ ಸಣ್ಣ ಗುಳಿ ಹೊಡೆಯಿರಿ. ಪೇಂಟ್ ಎರಡು ಮಳೆಗಾಲಕ್ಕೆ ಎದ್ದು ಹೋಗುತ್ತದೆ. ಕೆಳಗೆ ಒಯ್ಯುವಾಗ ಮೌಂಟನ್ನು ಟ್ರೈಪಾಡಿನಿಂದ ಬಿಚ್ಚಬೇಡಿ, ಟ್ರೈಪಾಡ್ ಸಮೇತ ಎತ್ತಿ.

ವೃತ್ತಕ್ಕೆ ದಿನವಿಡೀ ಕಾಯೋಕೆ ಆಗಲ್ಲ, ಗಡಿಯಾರ ನೋಡೇ ಗೆರೆ ಹಾಕ್ತೀನಿ ಅಂದರೆ, ಗದಗಿನಲ್ಲಿ ಆ ದಿನದ ಧಾರವಾಡದ ನಡುಹಗಲಿಗಿಂತ ಎರಡೂವರೆ ನಿಮಿಷ ಮೊದಲು ಹಾಕಿ.