ತಲಪಾಡಿ ದಾಟಿ ಬರುವ ಟೀಚರ್ ಇನ್ನು ಏನೇನು ಓದಬೇಕು

ನಿಮ್ಮ ತಂಗಿ ಮದುವೆಯಾಗಿ ದಾವಣಗೆರೆಯಿಂದ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲಕ್ಕೆ ಬರುವವರು. ಅವರ ಡಿ.ಎಡ್., ಬಿ.ಎಡ್. ಎರಡೂ ಇಲ್ಲಿ ನಡೆಯುತ್ತವೆ. ಆದರೆ ಎರಡು ರಾಜ್ಯದ ಗಡಿಯ ತಲಪಾಡಿ ದಾಟಿದ ಮರುದಿನವೇ ನಡೆಯುವುದಿಲ್ಲ. "ಕಾಸರಗೋಡಿನಲ್ಲೂ ಕನ್ನಡ ಶಾಲೆ ಉಂಟಲ್ಲ, ಟೀಚರ್ ಕೆಲಸ ಸಿಗುವುದಿಲ್ಲವೇ" ಎಂದು ನೀವು ಕೇಳಿದ್ದೀರಿ. ದಾವಣಗೆರೆಯಲ್ಲಿ ಕುಳಿತವರಿಗೆ ಪೆರ್ಲ ಎಂದರೆ ಪುತ್ತೂರಿನ ಆಚೆಯ ಇನ್ನೊಂದು ಊರು. ಪೇಟೆಯಲ್ಲಿ ಕನ್ನಡ, ತುಳು ಕೇಳುತ್ತದೆ, ದೇವಸ್ಥಾನದ ಆಮಂತ್ರಣ ಕನ್ನಡದಲ್ಲೇ ಬರುತ್ತದೆ. ಹಾಗಿದ್ದರೂ ಟೀಚರ ಫೈಲು ಮಾತ್ರ 50 ಕಿ.ಮೀ. ಆಚೆಯ ಮಂಗಳೂರಿಗೆ ಹೋಗುವುದಿಲ್ಲ, ಕೇರಳದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಹೋಗುತ್ತದೆ. 1956ರ ನವೆಂಬರ್ 1ರಿಂದ ನಮ್ಮದು ಇದೇ ಸ್ಥಿತಿ. ಹಾಗಾಗಿ ಇಲ್ಲಿ ಟೀಚರ್ ಆದವರಿಗೆ ಓದು ಮುಗಿಯುವುದೇ ಇಲ್ಲ. ನಾನು ಕನ್ನಡ ಮಾಧ್ಯಮದ ಏಡೆಡ್ (ಅನುದಾನಿತ) ಶಾಲೆಯಲ್ಲಿ 2007ರಿಂದ ಕಲಿಸುತ್ತಿದ್ದೇನೆ, ಈಗಲೂ ಪರೀಕ್ಷೆಗೆ ಓದುತ್ತಿದ್ದೇನೆ. ಅದರ ಕಥೆ ಮುಂದೆ ಹೇಳುತ್ತೇನೆ.

ಮೊದಲು ತಂಗಿಯ ವಿಷಯ. ಕರ್ನಾಟಕದ ಡಿ.ಎಡ್. ಇಲ್ಲಿ ಹಿಂದೆ ಟಿ.ಟಿ.ಸಿ. ಎನ್ನುತ್ತಿದ್ದ, ಈಗ ಡಿ.ಎಲ್.ಎಡ್. ಎನ್ನುವ ಕೋರ್ಸಿಗೆ ಸಮಾನ ಎಂದು ಕೇರಳ ಪರೀಕ್ಷಾ ಭವನದಿಂದ ತತ್ಸಮಾನ ಪತ್ರ ತರಿಸಬೇಕು. ಡಿಗ್ರಿ, ಬಿ.ಎಡ್.ಗಳಿಗೆ ಕೇರಳದ ವಿಶ್ವವಿದ್ಯಾಲಯದ ಕಾಗದ ಕೇಳುತ್ತಾರೆ. ಇದರಲ್ಲಿ ಒಂದು ತೊಡಕು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕರ್ನಾಟಕದ ಬಿ.ಎಡ್.ನಲ್ಲಿ ಎರಡು ಬೋಧನಾ ವಿಷಯ ಇರುತ್ತದೆ, ಇಲ್ಲಿಯ ಬಿ.ಎಡ್. ಒಂದು ವಿಷಯದ ಹೆಸರಿನಲ್ಲೇ ಇರುತ್ತದೆ. ಕನ್ನಡದಲ್ಲಿ ಬಿ.ಎಡ್., ಗಣಿತದಲ್ಲಿ ಬಿ.ಎಡ್., ಹೀಗೆ. ಹೈಸ್ಕೂಲು ಹುದ್ದೆಗೆ "ಆ ವಿಷಯದ ಬಿ.ಎಡ್." ಬೇಕು ಎನ್ನುವಾಗ ಎರಡು ವಿಷಯದವರ ಕಾಗದ ಕಚೇರಿಯ ಮೇಜಿನ ಮೇಲೆ ನಿಂತುಬಿಡುತ್ತದೆ. ಅದಕ್ಕೇ ಅಂಕಪಟ್ಟಿಯ ಜೊತೆ ಸಿಲೆಬಸ್ಸಿನ ಪ್ರತಿಯನ್ನೂ ಅವರ ಕಾಲೇಜಿನಿಂದ ಈಗಲೇ ಸಹಿ ಮಾಡಿಸಿ ಇಟ್ಟುಕೊಳ್ಳಲಿ. ಮದುವೆಯಾಗಿ ಬಂದ ಮೇಲೆ ಅದಕ್ಕಾಗಿ ದಾವಣಗೆರೆಗೆ ಓಡಾಡುವುದು ಬೇಡ.

ಆಮೇಲೆ ಟೆಟ್, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಕರ್ನಾಟಕದ ಟಿ.ಇ.ಟಿ. ಪಾಸಾಗಿದ್ದಾರೆ ಎಂದಿರಿ. ಅದು ಇಲ್ಲಿ ಲೆಕ್ಕಕ್ಕಿಲ್ಲ. ಇಲ್ಲಿಯದು ಕೆ-ಟೆಟ್. ಸಿ.ಬಿ.ಎಸ್.ಇ. ನಡೆಸುವ ಸಿ-ಟೆಟ್ ಆದರೆ ಇಲ್ಲಿಯೂ ನಡೆಯುತ್ತದೆ, ಅದರಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು. ಕೆ-ಟೆಟ್‌ನಲ್ಲಿ ಕೆಟಗರಿಗಳು ನಾಲ್ಕು. ಒಂದನೆಯದು ಎಲ್.ಪಿ.ಗೆ (ಕಿರಿಯ ಪ್ರಾಥಮಿಕ), ಎರಡನೆಯದು ಯು.ಪಿ.ಗೆ (ಹಿರಿಯ ಪ್ರಾಥಮಿಕ), ಮೂರನೆಯದು ಹೈಸ್ಕೂಲಿಗೆ, ನಾಲ್ಕನೆಯದು ಅರಬಿ, ಹಿಂದಿ, ಸಂಸ್ಕೃತ, ಉರ್ದು ಭಾಷಾಧ್ಯಾಪಕರಿಗೆ ಮತ್ತು ದೈಹಿಕ ಶಿಕ್ಷಣ, ಚಿತ್ರಕಲೆಯಂಥ ವಿಷಯದವರಿಗೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬಾರದು. ಎಲ್.ಪಿ.ಗೆ ಹೋಗುವುದಾದರೆ ಡಿ.ಎಡ್. ಕಾಗದವನ್ನೇ ಗಟ್ಟಿ ಮಾಡಿಕೊಳ್ಳಲಿ. ಬಿ.ಎಡ್. ಮಾಡಿದವರು ಪ್ರಾಥಮಿಕ ತರಗತಿಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಹೇಳಿದೆ. ಯು.ಪಿ.ಗೆ ಡಿಗ್ರಿ, ಬಿ.ಎಡ್. ಸಾಕು. ಪ್ಲಸ್ ಟು (ನಿಮ್ಮ ಪಿ.ಯು.ಸಿ.) ತರಗತಿಗೆ ಕಲಿಸಬೇಕೆಂದಿದ್ದರೆ ಎಂ.ಎ., ಬಿ.ಎಡ್. ಮೇಲೆ ಸೆಟ್ ಎಂಬ ಇನ್ನೊಂದು ಪರೀಕ್ಷೆ. ಇಷ್ಟೆಲ್ಲ ಕಾಗದ ಕೈಗೆ ಬಂದ ಮೇಲೆ ಪಿ.ಎಸ್.ಸಿ. (ಕೇರಳ ಲೋಕಸೇವಾ ಆಯೋಗ) ಕನ್ನಡ ಮಾಧ್ಯಮ ಹುದ್ದೆಗೆ ಕರೆಯುವವರೆಗೆ ಕಾಯಬೇಕು, ಪರೀಕ್ಷೆ ಬರೆಯಬೇಕು, ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬರಬೇಕು. ಎಲ್.ಪಿ., ಯು.ಪಿ. ಹುದ್ದೆಗೆ ಸಾಮಾನ್ಯ ವರ್ಗದ ವಯಸ್ಸು 40ಕ್ಕೆ ಮುಗಿಯುತ್ತದೆ. ತಂಗಿಗೆ 31 ಎಂದಿರಿ, ಸಮಯ ಉಂಟು, ಆದರೆ ಕುಳಿತುಕೊಳ್ಳುವಷ್ಟು ಇಲ್ಲ.

ಏಡೆಡ್ ಶಾಲೆಯಲ್ಲಿ ಪಿ.ಎಸ್.ಸಿ. ಇಲ್ಲ. ಮ್ಯಾನೇಜರರು ನೇಮಿಸುತ್ತಾರೆ, ಸಂಬಳ ಸರಕಾರ ಕೊಡುತ್ತದೆ. ಆದರೆ ಅಲ್ಲಿಯೂ ಟೆಟ್ ಬೇಕು, ಅದಕ್ಕಿಂತ ಮೊದಲು ಮಕ್ಕಳು ಬೇಕು. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ನಮ್ಮ ಕಡೆಯ ಟೀಚರುಗಳ ಮುಖ ನೀವು ನೋಡಬೇಕು. ಆ ದಿನದ ಹಾಜರಿಯ ಮೇಲೆ ಆ ವರ್ಷದ ಹುದ್ದೆಗಳು ನಿಲ್ಲುತ್ತವೆ. ನಾಲ್ಕು ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋದರೆ ಒಂದು ಡಿವಿಷನ್ (ಸೆಕ್ಷನ್) ಬೀಳಬಹುದು, ಡಿವಿಷನ್ ಬಿದ್ದರೆ ಒಬ್ಬ ಟೀಚರ ಹುದ್ದೆ ಹೋಗುತ್ತದೆ. ಎಷ್ಟು ಸರ್ಟಿಫಿಕೇಟು ಇದ್ದರೂ ಆ ದಿನ ಅದು ಕೈಹಿಡಿಯುವುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ನಾವು ಮನೆಮನೆಗೆ ಹೋಗಿ "ಮಗುವನ್ನು ಕನ್ನಡ ಶಾಲೆಗೆ ಸೇರಿಸಿ" ಎಂದು ಕೇಳುವುದು ಅದಕ್ಕೇ.

ಕೆಲಸ ಸಿಕ್ಕಿದ ಮೇಲೂ ಕಲಿಕೆ ನಿಲ್ಲುವುದಿಲ್ಲ. ಹೊಸಬರಿಗೆ ಪ್ರೊಬೇಷನ್ ಘೋಷಣೆಯಾಗಬೇಕಾದರೆ ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಕೈಟ್ ಸಂಸ್ಥೆಯ "ಕೂಲ್" ಎಂಬ ಆರು ವಾರದ ಆನ್‌ಲೈನ್ ಕಂಪ್ಯೂಟರ್ ಕೋರ್ಸು ಮುಗಿಸಬೇಕು. ರಜೆಯಲ್ಲಿ ಬಿ.ಆರ್.ಸಿ. (ಬ್ಲಾಕ್ ಸಂಪನ್ಮೂಲ ಕೇಂದ್ರ) ತರಬೇತಿ. ಹೆಡ್‌ಮಾಸ್ಟರ್ ಆಗಬೇಕೆಂದಿದ್ದರೆ ಅಕೌಂಟ್ ಟೆಸ್ಟ್ ಲೋಯರ್ ಮತ್ತು ಕೆ.ಇ.ಆರ್. ಎಂಬ ಇಲಾಖಾ ಪರೀಕ್ಷೆಗಳು. ಕೆ.ಇ.ಆರ್. ಎಂದರೆ 1959ರ ಕೇರಳ ಶಿಕ್ಷಣ ನಿಯಮಾವಳಿ. ಇವನ್ನು ಪಾಸು ಮಾಡಿಟ್ಟವರಿಗೆ ಭಡ್ತಿಯ ಹೊತ್ತಿಗೆ ತಲೆಬಿಸಿ ಇಲ್ಲ.

ಈಗ ನನ್ನ ಓದಿನ ಕಥೆ. ನಾನು ಟಿ.ಟಿ.ಸಿ. ಕಲಿತದ್ದು ನಮ್ಮ ಜಿಲ್ಲೆಯಲ್ಲೇ, ಕನ್ನಡದಲ್ಲಿ. ನಾನು ಸೇರುವಾಗ ಟೆಟ್ ಎಂಬ ಶಬ್ದವೇ ಇರಲಿಲ್ಲ. ಎನ್.ಸಿ.ಟಿ.ಇ. (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಅದನ್ನು ಕಡ್ಡಾಯ ಮಾಡಿದ್ದು 2010ರ ಆಗಸ್ಟಿನಲ್ಲಿ, ಕೆ-ಟೆಟ್ ಶುರುವಾದದ್ದು 2012ರಲ್ಲಿ. ಅದು ಹೊಸಬರಿಗೆ ಎಂದುಕೊಂಡು ನಾವೆಲ್ಲ ಪಾಠ ಮಾಡಿಕೊಂಡು ಇದ್ದೆವು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವವರು ಎರಡು ವರ್ಷದೊಳಗೆ ಟೆಟ್ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಹಾಗೆಯೇ ನಿವೃತ್ತಿಯಾಗಬಹುದು, ಆದರೆ ಟೆಟ್ ಇಲ್ಲದೆ ಭಡ್ತಿ ಇಲ್ಲ. ಇಲ್ಲಿ ನಿವೃತ್ತಿ 56ಕ್ಕೆ. ನನಗಿನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಉಂಟು.

ಆ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನಿಂದ ಅಕ್ಷರ ಕಲಿತ ಹುಡುಗಿಯೊಬ್ಬಳು ಕೆ-ಟೆಟ್ ಪಾಸಾಗಿ ಈಗ ಪಕ್ಕದ ಪಂಚಾಯತಿನಲ್ಲಿ ಟೀಚರ್. ಅವಳೇ ಫೋನು ಮಾಡಿ "ಟೀಚರೇ, ನನ್ನ ನೋಟ್ಸ್ ಕೊಡುತ್ತೇನೆ" ಎಂದಳು. ನನಗೆ ಸಂಕೋಚ ಆಗಲಿಲ್ಲ, ಸಂತೋಷವೇ ಆಯಿತು. ಕಷ್ಟ ಇರುವುದು ಬೇರೆ ಕಡೆ. ಕೋಚಿಂಗ್ ತರಗತಿಗಳು, ಯೂಟ್ಯೂಬ್ ಪಾಠಗಳು ಹೆಚ್ಚಿನವು ಮಲಯಾಳದಲ್ಲಿ. ಕನ್ನಡದ ಗೈಡು ಬೇಕಾದರೆ ಮಂಗಳೂರಿನ ಅಂಗಡಿಯಿಂದ ಕರ್ನಾಟಕ ಟಿ.ಇ.ಟಿ.ಯದ್ದನ್ನು ತರಬೇಕು. ಪಿಯಾಜೆ, ವೈಗೋಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಎರಡರಲ್ಲೂ ಅವರೇ, ಆದರೆ ಪಾರಿಭಾಷಿಕ ಶಬ್ದಗಳು ಬೇರೆ. ಅಲ್ಲಿಯ ಗೈಡಿನಲ್ಲಿ "ಭಿನ್ನರಾಶಿ", ಮಲಯಾಳ ಪಾಠದಲ್ಲಿ "ಭಿನ್ನಸಂಖ್ಯೆ". ರಾತ್ರಿ ಊಟವಾದ ಮೇಲೆ ಒಂದೇ ಮೇಜಿನಲ್ಲಿ ಮಗ ಎಸ್.ಎಸ್.ಎಲ್.ಸಿ.ಗೆ ಓದುತ್ತಾನೆ, ನಾನು ಎರಡು ರಾಜ್ಯದ ಪುಸ್ತಕ ತೆರೆದಿಟ್ಟು ಮೂರನೆಯದಾಗಿ ನನ್ನದೇ ಶಬ್ದಗಳ ಪಟ್ಟಿ ಬರೆಯುತ್ತೇನೆ.

ಪರೀಕ್ಷೆ ಬರೆಯಲಿಕ್ಕೆ ನನಗೆ ಬೇಸರವಿಲ್ಲ. ಬೇಸರ ಇರುವುದು, ಇಷ್ಟು ಪರೀಕ್ಷೆಗಳ ನಡುವೆ ನಮ್ಮ ಮಕ್ಕಳಿಗೆ ಅಗತ್ಯವಾಗಿ ಬೇಕಾದ ಒಂದನ್ನು ಯಾರೂ ಗಟ್ಟಿಯಾಗಿ ಪರೀಕ್ಷಿಸುವುದಿಲ್ಲ ಎಂಬುದಕ್ಕೆ. ಕೆ-ಟೆಟ್ ಮೂರನೇ ಕೆಟಗರಿಯನ್ನೇ ನೋಡಿ. ಮನಶ್ಶಾಸ್ತ್ರ 40, ವಿಷಯ 80, ಭಾಷೆ 30. ಆ ಭಾಷೆ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಇವುಗಳಲ್ಲಿ ಯಾವುದಾದರೂ ಆಗಬಹುದು. ಅಂದರೆ ಕನ್ನಡ ಮಾಧ್ಯಮದಲ್ಲಿ ಸಮಾಜವಿಜ್ಞಾನ ಕಲಿಸಲಿಕ್ಕೆ ಬರುವವರು ಇಂಗ್ಲಿಷ್ ಆರಿಸಿ ಬರೆದರೂ ಟೆಟ್ ಪಾಸು. ಕನ್ನಡ ಬರುತ್ತದೆ ಎಂಬುದಕ್ಕೆ ಬೇರೆ ಕಾಗದ ತೋರಿಸಿದರಾಯಿತು. ತರಗತಿಯಲ್ಲಿ ನಿಂತು ಹತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿ ತೋರಿಸಿ ಎಂದು ಟೆಟ್ ಕೇಳುವುದಿಲ್ಲ. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮಕ್ಕೆ ಬಂದು, ಮಕ್ಕಳೂ ಹೆತ್ತವರೂ ಗೇಟಿನ ಮುಂದೆ ಕುಳಿತದ್ದು, ವಿಷಯ ಕೋರ್ಟಿಗೆ ಹೋದದ್ದು ನಮ್ಮ ಜಿಲ್ಲೆಯಲ್ಲಿ ಒಂದು ಸಲದ ಮಾತಲ್ಲ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಒಬ್ಬರೊಂದಿಗೆ ನಾನು ಒಂದು ವರ್ಷ ಕೆಲಸ ಮಾಡಿದ್ದೇನೆ. ತೆಂಕಣ ಜಿಲ್ಲೆಯವರು, ವಿಷಯ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಒಂದು ದಿನ ತರಗತಿಯಲ್ಲಿ "ನಾಳೆ ಪ್ರಸಂಗ ಮತ್ಸರ ಉಂಟು, ಎಲ್ಲರಿಗೂ ಅವಸರ ಉಂಟು" ಎಂದರು. ಮಲಯಾಳದಲ್ಲಿ ಪ್ರಸಂಗ ಎಂದರೆ ಭಾಷಣ, ಮತ್ಸರ ಎಂದರೆ ಸ್ಪರ್ಧೆ, ಅವಸರ ಎಂದರೆ ಅವಕಾಶ. ನಾಳೆ ಭಾಷಣ ಸ್ಪರ್ಧೆ, ಎಲ್ಲರಿಗೂ ಅವಕಾಶ ಇದೆ ಎಂದು ಅವರು ಹೇಳಿದ್ದು. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಪ್ರಸಂಗ ಎಂದರೆ ಯಕ್ಷಗಾನದ್ದು. ಮರುದಿನ ಮೂರು ಮಕ್ಕಳು ಕುಣಿತಕ್ಕೆ ತಯಾರಾಗಿ ಗೆಜ್ಜೆ ತಂದಿದ್ದರು. ಆ ಮಾಸ್ಟ್ರು ತುಂಬ ನೊಂದುಕೊಂಡರು. "ಟೀಚರೇ, ನನಗೆ ಕನ್ನಡ ಕಲಿಸಿ" ಎಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ಕೋಪಿ ಪುಸ್ತಕ ಹಿಡಿದು ಬಂದು ಕುಳಿತರು. ಒತ್ತಕ್ಷರ ಅವರಿಗೆ ಮೂರು ತಿಂಗಳಾದರೂ ಕೈಗೆ ಕೂರಲಿಲ್ಲ. ಆ ವರ್ಷದ ಗಣಿತದಲ್ಲಿ ಮಕ್ಕಳು ಕಳೆದುಕೊಂಡದ್ದನ್ನು ಮುಂದಿನ ವರ್ಷ ನಾನು ಮೊದಲಿಂದ ಹೇಳಿಕೊಡಬೇಕಾಯಿತು.

ಇಂಥವರಿಗಾಗಿಯೇ ಒಂದು ಒಳ್ಳೆಯ ಕೋರ್ಸು ಉಂಟು, ನಮ್ಮ ಕಡೆಯವರಿಗೂ ಅದರ ಬಗ್ಗೆ ಹೆಚ್ಚು ಗೊತ್ತಿಲ್ಲ. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನದ ಕೆಳಗೆ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಇದೆ. ಸಂಸ್ಥಾನ ಶುರುವಾದದ್ದು 1969ರಲ್ಲಿ. ಕೆಲಸದಲ್ಲಿರುವ ಶಾಲಾ ಅಧ್ಯಾಪಕರನ್ನು ರಾಜ್ಯ ಸರಕಾರಗಳು ಅಲ್ಲಿಗೆ ಕಳಿಸುತ್ತವೆ. ಹತ್ತು ತಿಂಗಳು ಅಲ್ಲೇ ಇದ್ದು ಕನ್ನಡ, ತಮಿಳು, ತೆಲುಗು, ಮಲಯಾಳಗಳಲ್ಲಿ ತನ್ನದಲ್ಲದ ಒಂದು ಭಾಷೆಯನ್ನು ಕಲಿಯಬೇಕು. ಅಕ್ಷರಮಾಲೆಯಿಂದ ಶುರು ಮಾಡಿ ಪತ್ರಿಕೆ ಓದುವವರೆಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಬಂದವರ ಕನ್ನಡವನ್ನು ನಾನು ಕೇಳಿದ್ದೇನೆ, ಶುದ್ಧವಾಗಿ ಮಾತಾಡುತ್ತಾರೆ. ಆದರೆ ಆ ಕೋರ್ಸನ್ನು ಕಟ್ಟಿದ್ದು ತ್ರಿಭಾಷಾ ಸೂತ್ರಕ್ಕಾಗಿ, ಇನ್ನೊಂದು ಭಾಷೆಯನ್ನು ಪರಿಚಯ ಮಾಡಿಕೊಡುವ ಅಧ್ಯಾಪಕರಿಗಾಗಿ. ಎಂಟನೇ ತರಗತಿಗೆ ಬೆಳಕಿನ ವಕ್ರೀಭವನವನ್ನು ಕನ್ನಡದಲ್ಲಿ ವಿವರಿಸಲಿಕ್ಕೆ ಅದು ಸಾಲುವುದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಕೊಂಕಣಿ ಮಾತಾಡಿ ಶಾಲೆಯಲ್ಲಿ ಕನ್ನಡಕ್ಕೆ ಬರುವ ಮಗುವಿನ ತಪ್ಪು ಯಾವ ಭಾಷೆಯಿಂದ ಬಂತು ಎಂದು ಗುರುತಿಸಲಿಕ್ಕಂತೂ ಸಾಲುವುದೇ ಇಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ವ್ಯವಸ್ಥೆ ಆಗಬೇಕು ಎನ್ನುತ್ತದೆ. ಆ ವ್ಯವಸ್ಥೆ ಕೊನೆಗೆ ಒಬ್ಬ ಟೀಚರ ನಾಲಗೆಯಲ್ಲೇ ಇರಬೇಕಲ್ಲ! ಕನ್ನಡ ಮಾಧ್ಯಮಕ್ಕೆ ನೇಮಿಸುವ ಮೊದಲೇ ಕನ್ನಡದಲ್ಲಿ ಪಾಠ ಮಾಡಿಸಿ ನೋಡಬೇಕು, ಮತ್ತೆ ಬೇಕಾದರೆ ಕಂಪ್ಯೂಟರಿಗೆ, ನಿಯಮಾವಳಿಗೆ ಎಷ್ಟು ಕೋರ್ಸು ಬೇಕಾದರೂ ಇಡಲಿ ಎಂದು ನಾನು ಎಲ್ಲ ಮೀಟಿಂಗಿನಲ್ಲೂ ಹೇಳುತ್ತೇನೆ.

ಹಾಗಾಗಿ ನಿಮ್ಮ ತಂಗಿಯಂಥವರು ಬರಬೇಕು ಎಂದು ನನಗೆ ನಿಜವಾಗಿ ಆಸೆ. ಕನ್ನಡ ಅವರ ಬಾಯಲ್ಲೇ ಉಂಟು, ಕಾಗದ ನಾವು ಸೇರಿ ಮಾಡಿಸೋಣ. ಆದರೆ ಅವರೂ ಒಂದು ಕಲಿಯಬೇಕು: ಮಲಯಾಳ. ಡಿ.ಇ.ಒ. (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯ ಸುತ್ತೋಲೆ, ತರಬೇತಿಯ ಮಾತು, ಸಂಬಳದ ಬಿಲ್ಲಿನ ವಿಚಾರ ಎಲ್ಲ ಅದರಲ್ಲೇ. ನಾನು ಮೊದಲ ವರ್ಷ ಒಂದು ಸುತ್ತೋಲೆಯನ್ನು ತಪ್ಪಾಗಿ ಓದಿ ಇಡೀ ದಿನ ಬೇರೆ ಊರಿನ ತರಬೇತಿಗೆ ಹೋಗಿ ಕುಳಿತಿದ್ದೆ. ಈಗ ಮಲಯಾಳ ಪತ್ರಿಕೆಯನ್ನು ಬೆಳಗ್ಗೆ ಕನ್ನಡದ್ದರ ಜೊತೆಗೇ ಓದುತ್ತೇನೆ. ಪೆರ್ಲದ ಪೇಟೆಯಲ್ಲಿ ತುಳು ತಾನಾಗಿ ಬರುತ್ತದೆ, ಅದಕ್ಕೆ ಕೋರ್ಸು ಬೇಡ.

ಈ ತಿಂಗಳೇ ಮಾಡಬೇಕಾದದ್ದು ಇಷ್ಟು. ಡಿ.ಎಡ್., ಬಿ.ಎಡ್. ಸಿಲೆಬಸ್ಸಿನ ಪ್ರತಿ ತೆಗೆಸಲಿ. ಸಿ-ಟೆಟ್ ಪ್ರಕಟಣೆ ಬಂದ ಕೂಡಲೇ ಕನ್ನಡ ಆರಿಸಿ ಅರ್ಜಿ ಹಾಕಲಿ, ಅದನ್ನು ದಾವಣಗೆರೆಯಲ್ಲಿದ್ದುಕೊಂಡೇ ಬರೆಯಬಹುದು. ಮೀಸಲಾತಿ ಇದ್ದರೆ ಅದು ಮದುವೆಯಾಗಿ ಗಡಿ ದಾಟುವಾಗ ಜೊತೆಗೆ ಬರುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಟ್ಟು ಸಾಮಾನ್ಯ ವರ್ಗದ 90 ಅಂಕಕ್ಕೇ ತಯಾರಾಗಲಿ. ನನ್ನ ಶಿಶು ಮನಶ್ಶಾಸ್ತ್ರದ ಪಟ್ಟಿ ಇನ್ನೂರು ಪುಟದ ಎರಡು ಪುಸ್ತಕ ಆಗಿದೆ, ಕನ್ನಡ ಶಬ್ದದ ಎದುರು ಮಲಯಾಳ ಶಬ್ದ ಬರೆದಿದ್ದೇನೆ. ನನ್ನ ಪರೀಕ್ಷೆ ಮುಗಿದ ದಿನ ಅವು ಅವರಿಗೆ.