ಓದುಗರ ಪ್ರಶ್ನೆ: 800 ಪುಟದ ಕಾದಂಬರಿ ಮುಂದಿಟ್ಟುಕೊಂಡು ಕೂತವರಿಗೆ

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ಈ ಸಲ ವಿಕ್ಟೋರಿಯನ್ ಕಾದಂಬರಿ (ರಾಣಿ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿ) ಅಂತ ಒಂದು ಪೇಪರ್ ಇದೆ. ಡಿಕನ್ಸ್‌ನ ‘ಬ್ಲೀಕ್ ಹೌಸ್’ ಶುರು ಮಾಡುತ್ತೇನೆ, ಐವತ್ತು ಪುಟಕ್ಕೇ ಕೈಬಿಡುತ್ತೇನೆ. ಜೊತೆಯವರೆಲ್ಲ ಸಾರಾಂಶ ಓದಿ, ಟಿವಿ ಸೀರಿಯಲ್ ನೋಡಿ ಪರೀಕ್ಷೆ ಬರೆಯುತ್ತಾರಂತೆ. ನಾನೂ ಹಾಗೇ ಮಾಡಿಬಿಡಲಾ?

ಉತ್ತರ: ಸಾರಾಂಶ ಓದಿದರೆ ಪಾಸಾಗಬಹುದು, ಸುಳ್ಳು ಯಾಕೆ ಹೇಳಲಿ. ಆದರೆ ಇಡೀ ಪುಸ್ತಕವನ್ನು ಒಂದೇ ಪಟ್ಟಿಗೆ ಮುಗಿಸುತ್ತೇನೆ ಅಂತ ಕೂತರೆ ಯಾರಿಗಾದರೂ ಸುಸ್ತಾಗುತ್ತದೆ. ಅದರ ಮೊದಲ ಓದುಗರು ಯಾರೂ ಹಾಗೆ ಓದಿರಲಿಲ್ಲ. 1852ರ ಮಾರ್ಚ್‌ನಿಂದ 1853ರ ಸೆಪ್ಟೆಂಬರ್‌ವರೆಗೆ ಅದು ತಿಂಗಳಿಗೊಂದು ಕಂತಾಗಿ ಬಂತು. ಒಂದು ಶಿಲಿಂಗ್ ಕೊಟ್ಟರೆ 32 ಪುಟ ಕಥೆ, ಎರಡು ಚಿತ್ರ, ಜೊತೆಗೆ ಒಂದಷ್ಟು ಜಾಹೀರಾತು. ಕೊನೆಯ ತಿಂಗಳು ಮಾತ್ರ ಡಬಲ್ ಸಂಚಿಕೆ. 67 ಅಧ್ಯಾಯಗಳನ್ನು ಜನ ಹತ್ತೊಂಬತ್ತು ತಿಂಗಳು ಎಳೆದುಕೊಂಡು ಓದಿದರು, ನಡುವೆ ಮರೆತರು, ಮತ್ತೆ ನೆನಪಿಸಿಕೊಂಡರು. ಮರೆಯುತ್ತಾರೆ ಅಂತ ಡಿಕನ್ಸ್‌ಗೂ ಗೊತ್ತಿತ್ತು. ಅದಕ್ಕೇ ಅವನ ಒಂದೊಂದು ಪಾತ್ರಕ್ಕೂ ಒಂದು ಚಾಳಿ, ಒಂದು ಮಾತಿನ ಧಾಟಿ. ಬಾಯಿ ತೆರೆದ ಕೂಡಲೇ ಇವನು ಯಾರು ಅಂತ ತಿಳಿಯಬೇಕು.

ನೀವೂ ಕಂತಿನ ಲೆಕ್ಕದಲ್ಲೇ ಓದಿ. ಎಲ್ಲೆಲ್ಲಿ ಕಂತು ಮುಗಿಯುತ್ತಿತ್ತು ಅನ್ನುವುದನ್ನು ಒಳ್ಳೆಯ ಆವೃತ್ತಿಗಳಲ್ಲಿ ಗುರುತು ಮಾಡಿರುತ್ತಾರೆ. 32ನೇ ಅಧ್ಯಾಯವನ್ನೇ ನೋಡಿ. ರಾತ್ರಿ ಇಬ್ಬರು ಕೂತು ಹರಟುತ್ತಿದ್ದಾರೆ. ಒಬ್ಬನ ತೋಳಿನ ಮೇಲೆ ಜಿಡ್ಡುಜಿಡ್ಡಾದ ಮಸಿ ಬೀಳುತ್ತದೆ. ಕಿಟಕಿ ಕಟ್ಟೆ ಮೇಲೆ ಕೈಯಿಟ್ಟರೆ ಹಳದಿ ಬಣ್ಣದ ಏನೋ ಬೆರಳಿಗೆ ಅಂಟುತ್ತದೆ. ಕೆಳಗೆ ಹೋಗಿ ನೋಡಿದರೆ ಗುಜರಿ ಅಂಗಡಿಯ ಮುದುಕ ಕ್ರೂಕ್ ತಾನಾಗಿಯೇ ಹೊತ್ತಿ ಉರಿದು ಬೂದಿಯಾಗಿದ್ದಾನೆ! ಆ ತಿಂಗಳ ಕಂತು ಅಲ್ಲಿಗೆ ಖತಂ. ಮನುಷ್ಯ ಹಾಗೆಲ್ಲ ಉರಿಯೋದಿಲ್ಲ ಅಂತ ವಿಮರ್ಶಕ ಜಾರ್ಜ್ ಹೆನ್ರಿ ಲೂಯಿಸ್ ತಕರಾರು ತೆಗೆದ, ಡಿಕನ್ಸ್ ಮುಂದಿನ ಕಂತಿನಲ್ಲೇ ಉತ್ತರ ತುರುಕಿದ. ಕಥೆ ಬರೆಯುತ್ತಿರುವಾಗಲೇ ಓದುಗರ ಜೊತೆ ಜಗಳ ನಡೆಯುತ್ತಿತ್ತು ಅನ್ನುವುದು ಯಾವ ಸಾರಾಂಶದಲ್ಲೂ ಸಿಗೋದಿಲ್ಲ, ಅಲ್ವಾ?

ಪ್ರಶ್ನೆ: ಬಹಳಷ್ಟು ಕಾದಂಬರಿಗಳ ಮಧ್ಯಭಾಗ ಸುಮ್ನೆ ಎಳೆದ ಹಾಗಿರುತ್ತದೆ. ನನಗೊಬ್ಬನಿಗೇ ಹಾಗನ್ನಿಸುತ್ತದಾ?

ಉತ್ತರ: ಇಲ್ಲ. ಎಷ್ಟೋ ಸಲ ನಿಜಕ್ಕೂ ಎಳೆದಿರುತ್ತಾರೆ. ಆಗ ಕಾದಂಬರಿ ಅಂದರೆ ಮೂರು ಸಂಪುಟ, ಬೆಲೆ 31 ಶಿಲಿಂಗ್ 6 ಪೆನ್ಸ್. ಅಷ್ಟು ಕೊಟ್ಟು ಕೊಳ್ಳುವವರು ಕಡಿಮೆ. ಮ್ಯೂಡಿ ಅನ್ನುವವನ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ (21 ಶಿಲಿಂಗ್) ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಮನೆಗೆ ತರಬಹುದಿತ್ತು. ಒಂದೇ ಕಾದಂಬರಿ ಮೂರು ತುಂಡಾಗಿದ್ದರೆ ಮೂವರಿಗೆ ಒಟ್ಟಿಗೆ ಕೊಡಬಹುದು, ಅವನಿಗೆ ಲಾಭ. ಹೇಳೋಕೆ ಎರಡು ಸಂಪುಟದಷ್ಟೇ ಇದ್ದರೂ ಲೇಖಕ ಮೂರು ತುಂಬಿಸಬೇಕಿತ್ತು. 1894ರಲ್ಲಿ ಲೈಬ್ರರಿಗಳೇ ಇನ್ನು ಇಷ್ಟು ಬೆಲೆ ಕೊಡೋದಿಲ್ಲ ಅಂದ ಮೇಲೆ ಈ ಪದ್ಧತಿ ಬೇಗನೆ ನಿಂತುಹೋಯಿತು. ಬೇಜಾರಾದರೆ ಬೇಜಾರಾಯಿತು ಅಂತಲೇ ಬರೆಯಿರಿ, ಯಾಕೆ ಅನ್ನುವುದನ್ನೂ ಸೇರಿಸಿ. ಜಾರ್ಜ್ ಎಲಿಯಟ್‌ಳ ‘ಮಿಡಲ್‌ಮಾರ್ಚ್’ ಮೇಲೆ ಮಾತ್ರ ಈ ದೂರು ಹೊರಿಸಬೇಡಿ. ಅದು ಮೂರರ ಲೆಕ್ಕಕ್ಕೇ ಒಗ್ಗಲಿಲ್ಲ, 1871–72ರಲ್ಲಿ ಎಂಟು ಭಾಗವಾಗಿ ಬಂತು.

ಪ್ರಶ್ನೆ: ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಬಗ್ಗೆ ಪ್ರಬಂಧ ಬರೆದಿದ್ದೆ. ಮೊದಲ ಎರಡು ಪುಟದಲ್ಲಿ ರಾಣಿ ವಿಕ್ಟೋರಿಯಾ, ಕೈಗಾರಿಕಾ ಕ್ರಾಂತಿ, ಡಾರ್ವಿನ್ ಎಲ್ಲ ಹಾಕಿದ್ದೆ. ಮೇಷ್ಟ್ರು ‘ಇದಕ್ಕೂ ಕಾದಂಬರಿಗೂ ಏನು ಸಂಬಂಧ?’ ಅಂತ ಬರೆದು ಅಂಕ ಕಡಿದರು. ಹಿನ್ನೆಲೆ ಬರೀಬೇಕು ಅಂತ ಹೇಳಿಕೊಟ್ಟಿದ್ದೂ ಅವರೇ!

ಉತ್ತರ: ನಿಮ್ಮ ಮೇಷ್ಟ್ರ ಕಡೆಗೇ ನನ್ನ ಓಟು. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ, ‘ಜೇನ್ ಐರ್’ 1847ರದ್ದು. ಆ ಎರಡು ಪುಟವನ್ನು ಯಾವ ಕಾದಂಬರಿಯ ತಲೆಗಾದರೂ ಅಂಟಿಸಬಹುದು, ಅದೇ ಅದರ ದೋಷ.

ಹಿನ್ನೆಲೆಯನ್ನು ಕಾದಂಬರಿಯ ಒಳಗಿಂದ ಎತ್ತಿ. ಒಂದೇ ಒಂದು ಪ್ರಶ್ನೆ ಹಿಡಿದುಕೊಳ್ಳಿ: ಇಲ್ಲಿ ಯಾರ ದುಡ್ಡು ಎಲ್ಲಿಂದ ಬರುತ್ತದೆ? ಜೇನ್‌ಗೆ ಚಿಕ್ಕಪ್ಪನಿಂದ 20,000 ಪೌಂಡ್ ಆಸ್ತಿ ಬರುತ್ತದೆ. ತಾನೊಬ್ಬಳೇ ಇಟ್ಟುಕೊಳ್ಳದೆ ನಾಲ್ಕು ಪಾಲು ಮಾಡಿ ಮೂವರು ಸೋದರ ಸಂಬಂಧಿಗಳಿಗೂ ಹಂಚುತ್ತಾಳೆ. ಅದನ್ನು ಓದಿ ನಾವೆಲ್ಲ ಖುಷಿಪಡುತ್ತೇವೆ. ಚಿಕ್ಕಪ್ಪ ಇದ್ದದ್ದು ಮದೀರಾ ದ್ವೀಪದಲ್ಲಿ. ಅವನಿಗೆ ವ್ಯವಹಾರ ಇದ್ದದ್ದು ಜಮೈಕಾದ ಮೇಸನ್ ಮನೆತನದ ಜೊತೆ. ಆ ಮನೆಯ ಮಗಳೇ ಬರ್ಥಾ, ಜೇನ್ ಪ್ರೀತಿಸುವ ರಾಚೆಸ್ಟರ್ ಅಟ್ಟದ ಮೇಲೆ ಕೂಡಿಹಾಕಿರುವ ಮೊದಲ ಹೆಂಡತಿ. ಅವಳ ಜೊತೆ ಬಂದದ್ದು 30,000 ಪೌಂಡ್. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯ್ದೆ ಮಾಡಿದ್ದು 1833ರಲ್ಲಿ. ಜಮೈಕಾದ ಆಸ್ತಿ ಅಂದರೆ ಕಬ್ಬಿನ ತೋಟ, ಗುಲಾಮರ ದುಡಿಮೆ ಅಂತ ಅಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗ ಆ 20,000 ಪೌಂಡ್ ಕಡೆ ಇನ್ನೊಮ್ಮೆ ನೋಡಿ. ನಿಮ್ಮ ಪ್ರಬಂಧ ಇಲ್ಲಿಂದ ಶುರುವಾಗಲಿ. ಬರ್ಥಾಳ ಕಡೆಯಿಂದ ಇದೇ ಕಥೆ ಹೇಳುವ ಜೀನ್ ರೀಸ್‌ಳ ‘ವೈಡ್ ಸರ್ಗಾಸೊ ಸೀ’ (1966) ಆಮೇಲೆ ಓದಿ, ಮೊದಲೇ ಬೇಡ. ಜೇನ್‌ಳನ್ನು ಒಮ್ಮೆಯಾದರೂ ಪೂರ್ತಿ ನಂಬಿ ಓದಿರಬೇಕು.

ಪ್ರಶ್ನೆ: ಇವೆಲ್ಲ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವಲ್ಲ, ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು?

ಉತ್ತರ: ಓದೋಕೆ ಬಿಟ್ಟಿ ಇ-ಪುಸ್ತಕಗಳ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸಾಕು, ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಯಿತು. ಉಲ್ಲೇಖ ಮಾಡಿ ಬರೆಯೋದಾದರೆ ಟಿಪ್ಪಣಿ ಇರುವ ಆವೃತ್ತಿ ಬೇಕು, ಲೈಬ್ರರಿಯಿಂದ ತಂದರೂ ಆಯಿತು. ಯಾಕೆಂದರೆ ಪಠ್ಯವೇ ಒಂದಲ್ಲ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ಗೆ ಎರಡು ಮುಕ್ತಾಯ ಇವೆ, ಗೆಳೆಯನೊಬ್ಬನ ಮಾತು ಕೇಳಿ ಡಿಕನ್ಸ್ ಮೊದಲು ಬರೆದದ್ದನ್ನು ಬದಲಾಯಿಸಿದ. ಹಾರ್ಡಿಯ ‘ಟೆಸ್’ ಕಥೆಯಂತೂ ತಮಾಷೆ. ನೀರು ನಿಂತ ದಾರಿಯಲ್ಲಿ ನಾಯಕ ಏಂಜೆಲ್ ಹಾಲು ಕರೆಯುವ ಹುಡುಗಿಯರನ್ನು ತೋಳಲ್ಲಿ ಎತ್ತಿಕೊಂಡು ದಾಟಿಸುತ್ತಾನಲ್ಲ, 1891ರಲ್ಲಿ ‘ಗ್ರಾಫಿಕ್’ ಪತ್ರಿಕೆಯಲ್ಲಿ ಬಂದಾಗ ಹುಡುಗಿಯರನ್ನು ಮುಟ್ಟೋದು ಬೇಡ ಅಂತ ಅವನ ಕೈಗೆ ಒಂದು ತಳ್ಳುಗಾಡಿ ಕೊಟ್ಟಿದ್ದರು!